ಗಾಯಕ್ಕೆ ಔಷಧವೋ, ಬರೀ ನೀರೋ: 150 ವರ್ಷದ ಚರ್ಚೆ

ಗಾಯ ತೊಳೆಯುವಾಗ ಉರಿದರೆ ಔಷಧ ಕೆಲಸ ಮಾಡುತ್ತಿದೆ ಎಂದು ಬಹಳ ಜನ ನಂಬುತ್ತಾರೆ. ಆದರೆ ಕ್ರಿಮಿಯನ್ನು ಸಾಯಿಸುವ ದ್ರಾವಣ ನಮ್ಮ ಜೀವಕೋಶಗಳನ್ನೂ ಸುಡಬಲ್ಲದು. ಇಷ್ಟು ವರ್ಷದ ಚರ್ಚೆಯೆಲ್ಲ ಇದರ ಸುತ್ತಲೇ.

1865ರಲ್ಲಿ ಗ್ಲಾಸ್ಗೋದಲ್ಲಿ ಸರ್ಜನ್ ಜೋಸೆಫ್ ಲಿಸ್ಟರ್, ಮೂಳೆ ಮುರಿದು ಗಾಯ ತೆರೆದುಕೊಂಡಿದ್ದ ಹುಡುಗನ ಕಾಲಿಗೆ ಕ್ರಿಮಿ ಸಾಯಿಸುವ ಕಾರ್ಬಾಲಿಕ್ ಆಸಿಡ್ ಬಳಸಿದರು. ಕಾಲು ಉಳಿಯಿತು. ಮುಂದಿನ ಐವತ್ತು ವರ್ಷ ಇಂಥ ಔಷಧಗಳದ್ದೇ, ಅಂದರೆ ಆಂಟಿಸೆಪ್ಟಿಕ್‌ಗಳದ್ದೇ ಕಾಲ.

ಆ ನಂಬಿಕೆ ಅಲುಗಾಡಿದ್ದು ಮೊದಲ ಮಹಾಯುದ್ಧದಲ್ಲಿ. ಸಿಡಿಗುಂಡಿನ ಚೂರಿನ ಜೊತೆ ಮಣ್ಣು, ಬಟ್ಟೆ ಎಲ್ಲ ಮಾಂಸದೊಳಗೆ ಹೊಕ್ಕಿರುತ್ತಿತ್ತು. ಎಷ್ಟು ಔಷಧ ಸುರಿದರೂ ಕೀವು ನಿಲ್ಲುತ್ತಿರಲಿಲ್ಲ. ಫ್ರಾನ್ಸಿನ ಬುಲೋನ್‌ನಲ್ಲಿದ್ದ ವೈದ್ಯ ಅಲೆಕ್ಸಾಂಡರ್ ಫ್ಲೆಮಿಂಗ್ ಗಾಜಿನ ಕೊಳವೆಗೆ ಟೊಳ್ಳು ಮುಳ್ಳುಗಳನ್ನು ಮಾಡಿ ಒಂದು ಕೃತಕ ಗಾಯ ತಯಾರಿಸಿದರು. ಕ್ರಿಮಿ ತುಂಬಿದರು, ಚೆಲ್ಲಿದರು, ಆಂಟಿಸೆಪ್ಟಿಕ್ ಹಾಕಿಟ್ಟು ಅದನ್ನೂ ಚೆಲ್ಲಿದರು. ಆಮೇಲೆ ಶುದ್ಧ ದ್ರವ ಹಾಕಿದರೆ ಕ್ರಿಮಿಗಳು ಮತ್ತೆ ಹಾಜರ್! ಮುಳ್ಳುಗಳ ತುದಿಗೆ ಔಷಧ ಮುಟ್ಟಿರಲೇ ಇಲ್ಲ. ಕ್ರಿಮಿಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಮಾತ್ರ ಅದೇ ಔಷಧಕ್ಕೆ ಬೇಗ ಸಾಯುತ್ತವೆ ಎಂದೂ ಅವರು ತೋರಿಸಿದರು.

ಅದೇ ಹೊತ್ತಿಗೆ ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಮತ್ತು ಸರ್ಜನ್ ಅಲೆಕ್ಸಿಸ್ ಕ್ಯಾರೆಲ್ ಇನ್ನೊಂದು ದಾರಿ ಹಿಡಿದಿದ್ದರು. ಸುಮಾರು 0.5 ಪರ್ಸೆಂಟ್ ಹೈಪೋಕ್ಲೋರೈಟ್ (ಬ್ಲೀಚ್‌ನಲ್ಲಿರುವ ರಾಸಾಯನಿಕ) ದ್ರಾವಣವನ್ನು ರಬ್ಬರ್ ನಳಿಗೆಗಳಲ್ಲಿ ಎರಡು ಗಂಟೆಗೊಮ್ಮೆ ಗಾಯದ ಆಳಕ್ಕೆ ಬಿಡುವುದು. ಅದು ಫಲ ಕೊಟ್ಟಿತು. ಆದರೆ ಅದಕ್ಕೆ ಮೊದಲು ಸರ್ಜನ್‌ಗಳು ಸತ್ತ ಮಾಂಸವನ್ನು ಕತ್ತರಿಸಿ ತೆಗೆಯುತ್ತಿದ್ದರು. ಗೆಲುವಿನ ಪಾಲು ಆ ಕತ್ತರಿಗೂ ಸಲ್ಲಬೇಕು ಅಲ್ವಾ?

ಆಮೇಲೆ ಪೆನಿಸಿಲಿನ್ ಬಂತು, ಪೊವಿಡೋನ್ ಅಯೋಡಿನ್ ಎಂಬ ಆಂಟಿಸೆಪ್ಟಿಕ್ ಬಂತು, ಪ್ರಶ್ನೆ ಮೂಲೆಗೆ ಸರಿಯಿತು.

2015ರಲ್ಲಿ, ಮೂಳೆ ಮುರಿದು ಗಾಯ ತೆರೆದುಕೊಂಡಿದ್ದ 2,400ಕ್ಕೂ ಹೆಚ್ಚು ರೋಗಿಗಳ ಅಧ್ಯಯನ ಪ್ರಕಟವಾಯಿತು. ಸೋಪಿನ ನೀರಲ್ಲಿ ತೊಳೆದವರಿಗಿಂತ ಬರೀ ಉಪ್ಪು ನೀರಾದ ಸಲೈನ್‌ನಲ್ಲಿ ತೊಳೆದವರಿಗೆ ಮರು ಆಪರೇಷನ್ ಕಡಿಮೆ ಬೇಕಾಯಿತು. ಜೋರಾಗಿ ನೀರು ಹಾಯಿಸಿದರೂ, ಮೆಲ್ಲಗೆ ಹಾಯಿಸಿದರೂ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಔಷಧ ಪೂರ್ತಿ ಸೋಲಲಿಲ್ಲ. ಆಪರೇಷನ್ ಗಾಯ ಹೊಲಿಯುವ ಮುಂಚೆ ನೀರು ಬೆರೆತ ಪೊವಿಡೋನ್ ಅಯೋಡಿನ್‌ನಲ್ಲಿ ತೊಳೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸಲಹೆ ಕೊಟ್ಟಿತು. ಆಂಟಿಬಯಾಟಿಕ್ ಬೆರೆಸಿ ತೊಳೆಯುವುದು ಬೇಡ ಎಂದಿತು.

ದೇಹದ ಒಳಗಿನ ಟೊಳ್ಳು ಜಾಗಗಳಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ಮುಚ್ಚಿದ ಜಾಗಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಆಕ್ಸಿಜನ್ ಗುಳ್ಳೆಗಳು ರಕ್ತನಾಳ ಸೇರಿ ಪ್ರಾಣಕ್ಕೇ ಕುತ್ತು ತರಬಹುದು. ಕ್ಲೋರ್‌ಹೆಕ್ಸಿಡೀನ್ ಎಂಬ ಆಂಟಿಸೆಪ್ಟಿಕ್ ಒಳಕಿವಿಗೆ ಇಳಿದರೆ ಕಿವುಡುತನ ಬರಬಹುದು. ಯೋನಿಯ ಒಳಗೆ ಇಂಥವನ್ನು ಸುಮ್ನೆ ಹಾಕಿ ತೊಳೆದರೆ, ಸೋಂಕು ತಡೆಯುವ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳೇ ಕಡಿಮೆಯಾಗುತ್ತವೆ.