ವೇರಿಯಂಟ್ ಸಿಕ್ಕಿತೆಂದರೆ ಕಾಯಿಲೆ ಸಿಕ್ಕಿತೆಂದಲ್ಲ

ಮರುಕಳಿಸುವ ಜ್ವರದ ಮಕ್ಕಳನ್ನು ಕರೆತರುವ ತಂದೆತಾಯಂದಿರು ಈಚೆಗೆ ಜೀನ್ ಪರೀಕ್ಷೆಯ ರಿಪೋರ್ಟನ್ನು ಮೊದಲೇ ಮಾಡಿಸಿಕೊಂಡು ಬರುತ್ತಾರೆ. ಜ್ವರ ಯಾವ ದಿನ ಬಂತು, ಎಷ್ಟು ದಿನ ಇತ್ತು ಎಂಬ ಲೆಕ್ಕವನ್ನು ಮಾತ್ರ ತರುವುದಿಲ್ಲ.

ಜಯನಗರದ ತಾಯಿಯೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ, "ಡಾಕ್ಟ್ರೇ, ಮಗನಿಗೆ ಎಂಇಎಫ್‌ವಿ ಪಾಸಿಟಿವ್ ಅಂತೆ, ಜೀವನಪೂರ್ತಿ ಕೊಲ್ಚಿಸಿನ್ ನುಂಗಬೇಕಂತೆ" ಎಂದು ಕಣ್ಣೊರೆಸಿಕೊಂಡರು. ಎಂಇಎಫ್‌ವಿ ಎಂಬುದು ಮರುಕಳಿಸುವ ಜ್ವರ ತರಬಲ್ಲ ಒಂದು ಜೀನ್, ಕೊಲ್ಚಿಸಿನ್ ಆ ಜ್ವರ ತಡೆಯುವ ಮಾತ್ರೆ. ರಿಪೋರ್ಟಿನಲ್ಲಿದ್ದದ್ದು ಇ148ಕ್ಯೂ ಎಂಬ ಒಂದೇ ವೇರಿಯಂಟ್, ಅಂದರೆ ಜೀನಿನ ಅಕ್ಷರದಲ್ಲಿನ ಒಂದು ಬದಲಾವಣೆ, ಅದೂ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ. ಅದರ ಪಕ್ಕದಲ್ಲೇ 'ಮಹತ್ವ ಅನಿಶ್ಚಿತ' ಎಂದು ಅಚ್ಚಾಗಿತ್ತು. ಆ ಸಾಲನ್ನು ಮನೆಯವರು ಓದಿರಲಿಲ್ಲ. ಮಾತ್ರೆ ಬರೆದವರೂ ಓದಿರಲಿಕ್ಕಿಲ್ಲ ಎಂದು ನನ್ನ ಅನುಮಾನ.

ಜೀನಿನಲ್ಲಿ ಅಕ್ಷರ ಬದಲಾಗಿರುವುದು ಬೇರೆ, ಆ ಬದಲಾವಣೆಯಿಂದ ಕಾಯಿಲೆ ಬಂದಿರುವುದು ಬೇರೆ. ರೇಷನ್ ಕಾರ್ಡಿನಲ್ಲಿ ಲಕ್ಷ್ಮಿ, ಆಧಾರ್‌ನಲ್ಲಿ ಲಕ್ಷ್ಮೀ ಎಂದಿದ್ದರೂ ಹೆಂಗಸು ಒಬ್ಬಳೇ. 'ಕಲ್ಲು ತಂದ' ಎನ್ನುವಲ್ಲಿ 'ಕಳ್ಳು ತಂದ' ಎಂದಾದರೆ ಮಾತ್ರ ಸಂಗತಿಯೇ ಬೇರೆಯಾಗುತ್ತದೆ. ಪ್ರಯೋಗಾಲಯಗಳು ವೇರಿಯಂಟ್‌ಗಳನ್ನು ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ ಎಂದು ಐದಾಗಿ ವಿಂಗಡಿಸುವುದು ಈ ವ್ಯತ್ಯಾಸಕ್ಕಾಗಿಯೇ. ಫೆಮಿಲಿಯಲ್ ಮೆಡಿಟರೇನಿಯನ್ ಫೀವರ್ ಎಂಬ ವಂಶಪಾರಂಪರ್ಯದ ಮರುಕಳಿಸುವ ಜ್ವರಕ್ಕೆ ಎಂಇಎಫ್‌ವಿ ಜೀನ್ ಕಾರಣವೆಂದು 1997ರಲ್ಲಿ ತಿಳಿದದ್ದು ನಿಜ, ಟರ್ಕಿ, ಅರ್ಮೇನಿಯಾಗಳ ಕಡೆಯ ರೋಗಿಗಳಲ್ಲಿ ಸಿಗುವ ಎಂ694ವಿ ರೋಗಕಾರಕವೆಂಬುದರಲ್ಲೂ ಸಂಶಯವಿಲ್ಲ. ಆದರೆ ಇ148ಕ್ಯೂ ನಮ್ಮ ಭಾಗದ ಆರೋಗ್ಯವಂತರಲ್ಲೇ ಧಾರಾಳವಾಗಿ ಇದೆ, ನನ್ನಲ್ಲೂ ಇರಬಹುದು, ಈ ಅಂಕಣ ಓದುತ್ತಿರುವವರಲ್ಲೂ ಇರಬಹುದು. ಅದನ್ನೇ ಕಾಯಿಲೆ ಎನ್ನುವುದಾದರೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವವರ ಪೈಕಿ ಎಷ್ಟೋ ಜನರಿಗೆ ಮಾತ್ರೆ ಹಂಚಬೇಕಾದೀತು.

ಆ ಹುಡುಗನ ವಿಷಯವನ್ನು ಬಿಡಿಸಿದ್ದು ಅವನ ಅಜ್ಜಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವರು ಜ್ವರದ ದಿನಗಳಿಗೆಲ್ಲ ಗುರುತು ಹಾಕಿಟ್ಟಿದ್ದರು: ಸುಮಾರು ನಾಲ್ಕು ವಾರಕ್ಕೊಮ್ಮೆ, ಐದೈದು ದಿನ, ಜೊತೆಗೆ ಬಾಯಿಹುಣ್ಣು, ಗಂಟಲುನೋವು, ಕುತ್ತಿಗೆಯ ಗಂಟು. ಇದು ಪಿಎಫ್‌ಎಪಿಎ ಎನ್ನುವ ಜ್ವರದ ಚಹರೆ. ಇದಕ್ಕೆ ಒಂಟಿ ಜೀನಿನ ಕಾರಣ ಕಂಡುಬಂದಿಲ್ಲ, ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತ ತಾನಾಗಿ ನಿಲ್ಲುತ್ತದೆ.

ಪರೀಕ್ಷೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಸೋದರಮಾವನನ್ನು ಮದುವೆಯಾದ ತಾಯಿಯ ಮಗುವಿಗೆ ಜ್ವರ, ಬಲೆಯಂತಹ ಚರ್ಮದ ಗುರುತು, ಜೊತೆಗೆ ಪಾರ್ಶ್ವವಾಯು ಕಂಡರೆ ಎಡಿಎ2 ಜೀನನ್ನು ತಡಮಾಡದೆ ನೋಡಲೇಬೇಕು; ಆ ಜೀನಿನ ದೋಷದಿಂದ ಬರುವ, 2014ರಲ್ಲಿ ವರದಿಯಾದ ಕಾಯಿಲೆಯಲ್ಲಿ ಟಿಎನ್‌ಎಫ್ ಎಂಬ ಉರಿಯೂತ ತರುವ ಪ್ರೋಟೀನನ್ನು ತಡೆಯುವ ಔಷಧವು ಮತ್ತೆ ಪಾರ್ಶ್ವವಾಯು ಬರುವ ಸಾಧ್ಯತೆಯನ್ನು ಬಹಳವಾಗಿ ತಗ್ಗಿಸುತ್ತದೆ. ನೆಗೆಟಿವ್ ರಿಪೋರ್ಟನ್ನೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಇಂಥ ಜ್ವರ ತರಬಲ್ಲ ಎನ್‌ಎಲ್‌ಆರ್‌ಪಿ3 ಜೀನಿನ ದೋಷ ಕೆಲವು ಜೀವಕೋಶಗಳಲ್ಲಷ್ಟೇ ಇದ್ದರೆ ಸಾಮಾನ್ಯ ಪರೀಕ್ಷೆಗೆ ತಪ್ಪಿಹೋಗಬಹುದು. ಹಳೆಯ ರಿಪೋರ್ಟನ್ನು ಎಸೆಯಬೇಡಿ. ಅನಿಶ್ಚಿತವೆಂದಿದ್ದ ವೇರಿಯಂಟ್‌ನ ದರ್ಜೆ ಕೆಲವು ವರ್ಷಗಳಲ್ಲಿ ಬದಲಾಗುವುದುಂಟು, ಮರುಪರಿಶೀಲನೆಗೆ ಕೆಲವೊಮ್ಮೆ ಹೊಸದಾಗಿ ರಕ್ತ ಕೊಡಬೇಕಾಗಿಯೂ ಇರುವುದಿಲ್ಲ.