ಬ್ರುಸೆಲ್ಲಾ: ಮೊದಲ ರಿಪೋರ್ಟ್ ನೆಗೆಟಿವ್ ಬಂದ ಮೇಲೂ ರಕ್ತ ಯಾಕೆ ಕೊಡಬೇಕು?

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ ಸುರಕ್ಷತಾ ಕ್ಯಾಬಿನೆಟ್ಟಿನ ಹೊರಗೆ ತೆರೆದಿದ್ದ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ ಇದ್ದದ್ದು ಬ್ರುಸೆಲ್ಲಾ (ಜಾನುವಾರುಗಳಿಂದ ಮನುಷ್ಯರಿಗೆ ಹರಡಿ ಜ್ವರ ತರುವ ಬ್ಯಾಕ್ಟೀರಿಯಾ) ಅಂತ ಆಮೇಲೆ ಗೊತ್ತಾಯಿತು. ಮರುದಿನವೇ ರಕ್ತ ಕೊಟ್ಟೆ, ನೆಗೆಟಿವ್ ಬಂತು. ಆದರೂ ಆರು ತಿಂಗಳು ಬರುತ್ತಿರಬೇಕಂತೆ. ಯಾಕೆ?

ಮತ್ತೆ ಅದೇ ಪ್ರಶ್ನೆ! ಆ ರಿಪೋರ್ಟು ನಿಮಗೆ ಸೋಂಕಿಲ್ಲ ಎಂದು ಹೇಳುತ್ತಿಲ್ಲ, ಹೇಳಲು ಅದಕ್ಕೆ ಆಗುವುದೂ ಇಲ್ಲ. ಟೆಸ್ಟು ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ನಿನ್ನೆ ಉಸಿರಿನಲ್ಲಿ ಒಳಹೋದದ್ದಕ್ಕೆ ಇವತ್ತು ಪ್ರತಿಕಾಯ ಎಲ್ಲಿಂದ ಬರಬೇಕು? ಜ್ವರ ಕಾಣಿಸುವುದಕ್ಕೇ ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಕೆಲವರಲ್ಲಿ 6 ತಿಂಗಳೂ ಹಿಡಿಯುತ್ತದೆ.

ಮೊದಲ ದಿನದ ರಕ್ತ ಹೋಲಿಕೆಗಾಗಿ, ಅಷ್ಟೆ. 6, 12, 18, 24ನೇ ವಾರಗಳಲ್ಲಿ ತೆಗೆದ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಅದರ ಪಕ್ಕದಲ್ಲಿಟ್ಟು ನೋಡುತ್ತಾರೆ. 1:40 ಇದ್ದ ಟೈಟರ್ (ಸೀರಮ್ಮನ್ನು ಎಷ್ಟು ತೆಳುವಾಗಿಸಿದರೂ ಪ್ರತಿಕಾಯ ಕಾಣುತ್ತದೆ ಎಂಬ ಅಳತೆ) 1:160 ಆದರೆ, ಅಂದರೆ ನಾಲ್ಕು ಪಟ್ಟು ಏರಿದರೆ, ಸೋಂಕಿನ ಲಕ್ಷಣ. 1:80 ಆದರೆ ಅದು ಟೆಸ್ಟಿನದೇ ಏರಿಳಿತ ಇರಬಹುದು. ಅದಕ್ಕೇ ಮೊದಲ ಸೀರಮ್ಮಿನ ಒಂದು ಭಾಗವನ್ನು ಫ್ರೀಜರಿನಲ್ಲಿ ಉಳಿಸಿಕೊಂಡು, ಹಳೆಯದು ಹೊಸದು ಎರಡನ್ನೂ ಒಂದೇ ದಿನ, ಒಂದೇ ಕಿಟ್ಟಿನಲ್ಲಿ ಪರೀಕ್ಷಿಸಬೇಕು. ಮೊದಲ ದಿನವೇ ಪಾಸಿಟಿವ್ ಬಂದವರು ಗಾಬರಿಯಾಗಬೇಡಿ. ಅದು ಹಿಂದೆಂದೋ ಆದ ಸೋಂಕಿನ ಗುರುತಾಗಿರಬಹುದು.

ನೆಗೆಟಿವ್ ಎಂದರೆ ಸೋಂಕಿಲ್ಲ ಎಂಬ ತಪ್ಪು ತಿಳಿವಳಿಕೆಯಿಂದ ಆಗುವ ದೊಡ್ಡ ನಷ್ಟವೆಂದರೆ ಮಾತ್ರೆ ಬಿಡುವುದು. ಪ್ಲೇಟಿನಿಂದ 5 ಅಡಿಯೊಳಗೆ ಇದ್ದವರಿಗೆ, ವಾಸನೆ ನೋಡಿದವರಿಗೆ (ಈಗಲೂ ನೋಡುವವರಿದ್ದಾರೆ!) 21 ದಿನದ ಔಷಧಿ: ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಸಲ, ರಿಫಾಂಪಿಸಿನ್ 600 ಮಿ.ಗ್ರಾಂ ಒಂದು ಸಲ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತೆಂದು ನಿಲ್ಲಿಸಬೇಡಿ, ಅದು ರಿಫಾಂಪಿಸಿನ್ನಿನ ಕೆಲಸ. ಗರ್ಭನಿರೋಧಕ ಮಾತ್ರೆಯ ಬಲವನ್ನೂ ಅದು ತಗ್ಗಿಸುತ್ತದೆ. ಗರ್ಭಿಣಿಯರಾದರೆ ಮೊದಲೇ ವೈದ್ಯರಿಗೆ ಹೇಳಿ, ಔಷಧಿ ಬೇರೆಯಾಗುತ್ತದೆ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಪ್ಲೇಟಿನಲ್ಲಿದ್ದದ್ದು ಜಾನುವಾರು ಲಸಿಕೆಯ ಆರ್‌ಬಿ51 ತಳಿಯಾದರೆ? ಸಾಮಾನ್ಯ ಟೆಸ್ಟುಗಳು ಗುರುತಿಸುವುದು ಬ್ಯಾಕ್ಟೀರಿಯಾದ ಹೊರಪದರದ ‘ಓ’ ಸರಪಳಿಯ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು. ಆರ್‌ಬಿ51ಕ್ಕೆ ಆ ಸರಪಳಿಯೇ ಇಲ್ಲ. ಆರು ತಿಂಗಳೂ ನೆಗೆಟಿವ್ ಬರುತ್ತಲೇ ಇರುತ್ತದೆ, ಸೋಂಕಿದ್ದರೂ. ರಿಫಾಂಪಿಸಿನ್ನಿಗೂ ಅದು ಬಗ್ಗುವುದಿಲ್ಲ. ಬದಲಿ ಔಷಧಿ ಬೇಕು. ಅಲ್ಲಿ ಉಳಿಯುವುದು ಥರ್ಮಾಮೀಟರ್ ಒಂದೇ: 24 ವಾರ ದಿನವೂ ಜ್ವರ ನೋಡಿ ಬರೆದಿಡಿ. ಜ್ವರ ಬಂದರೆ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನೇ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ, ಕಳಿಸುವ ಚೀಟಿಯ ಮೇಲೆ ‘ಬ್ರುಸೆಲ್ಲಾ ಶಂಕೆ’ ಎಂದು ದೊಡ್ಡದಾಗಿ ಬರೆಯಿರಿ.