ಪದ ಪರಿಚಯ: ಪ್ರಾಯೋಜಕ ಪಕ್ಷಪಾತ

ಆಡುಮಾತಿನಲ್ಲಿ ಪಕ್ಷಪಾತವೆಂದರೆ ಬೇಕೆಂದೇ ಒಬ್ಬರ ಕಡೆ ವಾಲುವುದು. ಪಂಕ್ತಿಯಲ್ಲಿ ತನ್ನವರ ಎಲೆಗೆ ಒಂದು ಹೋಳಿಗೆ ಹೆಚ್ಚು ಹಾಕಿದವನನ್ನು ಪಕ್ಷಪಾತಿ ಎನ್ನುತ್ತೇವೆ. ಸಂಶೋಧನೆಯ ಪರಿಭಾಷೆಯಲ್ಲಿ ಈ ಪದಕ್ಕೆ ಉದ್ದೇಶದ ಹಂಗಿಲ್ಲ. ಸಂಶೋಧಕರು ಪ್ರಾಮಾಣಿಕರೇ ಆಗಿದ್ದರೂ, ಫಲಿತಾಂಶಗಳು ಹಣ ಕೊಟ್ಟವರಿಗೆ ಅನುಕೂಲವಾದ ಕಡೆಗೇ ಮತ್ತೆ ಮತ್ತೆ ವಾಲುತ್ತಿದ್ದರೆ ಅದನ್ನು ಪ್ರಾಯೋಜಕ ಪಕ್ಷಪಾತ ಎನ್ನುತ್ತಾರೆ.

ಸಕ್ಕರೆ, ಬ್ರೆಡ್ಡು, ಅನ್ನಗಳನ್ನು ತಗ್ಗಿಸುವ ಲೋ-ಕಾರ್ಬ್ ಆಹಾರಕ್ರಮದ ಬೆಂಬಲಿಗರು ಇದಕ್ಕೆ ಮೊದಲು ಕೊಡುವ ಉದಾಹರಣೆ ಅಮೆರಿಕದ ಸಕ್ಕರೆ ಉದ್ಯಮದ್ದು. ಅಲ್ಲಿನ ಶುಗರ್ ರಿಸರ್ಚ್ ಫೌಂಡೇಶನ್ 1965ರಲ್ಲಿ ಹಾರ್ವರ್ಡ್‌ನ ಸಂಶೋಧಕರಿಂದ ಸಮೀಕ್ಷಾ ಲೇಖನವೊಂದನ್ನು ಬರೆಸಲು ಮುಂದಾಯಿತು. ಕೊಟ್ಟ ಹಣ 6,500 ಡಾಲರ್. 1967ರಲ್ಲಿ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದ ಆ ಲೇಖನ, ಹೃದ್ರೋಗಕ್ಕೆ ಸಕ್ಕರೆಯತ್ತ ಬೆರಳು ಮಾಡಿದ್ದ ಅಧ್ಯಯನಗಳಲ್ಲಿ ಹುಳುಕು ಹುಡುಕಿ, ಕೊಬ್ಬನ್ನು ದೂರಿದ ಅಧ್ಯಯನಗಳನ್ನು ಅಷ್ಟು ಬಿಗಿಯಾಗಿ ಪರೀಕ್ಷಿಸದೆ ಒಪ್ಪಿಕೊಂಡಿತ್ತು. ಹಣದ ಮೂಲ ಬಯಲಾದದ್ದು 2016ರಲ್ಲಿ, ಹಳೆಯ ಪತ್ರವ್ಯವಹಾರ ಸಿಕ್ಕಿದ ಮೇಲೆ. ಇಲ್ಲಿ ಅಂಕಿಗಳನ್ನು ತಿದ್ದುವ ಅಗತ್ಯವೇ ಬೀಳಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಅಳತೆಗೋಲು ಎರಡಾದದ್ದೇ ಸಾಕಾಯಿತು.

ಆದರೆ ಈ ಕತೆ ಹೇಳುವವರು ತಮ್ಮ ಕಡೆಯ ಹಣದ ಬಗ್ಗೆ ಸಾಮಾನ್ಯವಾಗಿ ಮಾತಾಡುವುದಿಲ್ಲ. ಇಸ್ರೇಲಿನ ಡಿಮೋನಾದಲ್ಲಿ 322 ಮಂದಿಯ ಮೇಲೆ ಎರಡು ವರ್ಷ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗಕ್ಕೆ, ಲೋ-ಕಾರ್ಬ್ ಪದ್ಧತಿಯನ್ನು ಜನಪ್ರಿಯಗೊಳಿಸಿದ ವೈದ್ಯ ಆಟ್‌ಕಿನ್ಸ್ ಹೆಸರಿನ ಪ್ರತಿಷ್ಠಾನವೂ ಹಣ ಕೊಟ್ಟಿತ್ತು. ಲೋ-ಕಾರ್ಬ್ ಗುಂಪು ಸರಾಸರಿ 4.7 ಕಿಲೋ ಇಳಿದರೆ, ಕಡಿಮೆ ಕೊಬ್ಬಿನ ಗುಂಪು ಇಳಿದದ್ದು 2.9 ಕಿಲೋ. ಈ ಅಂಕಿಗಳನ್ನು ಸುಳ್ಳೆನ್ನಲು ಕಾರಣವಿಲ್ಲ. ಕೇಳಬೇಕಾದದ್ದು ಎದುರಾಳಿ ಯಾರಾಗಿದ್ದ ಎಂಬುದನ್ನು. ‘ಕಡಿಮೆ ಕೊಬ್ಬು’ ಎಂದು ಹೆಸರಿಟ್ಟ ಆಹಾರದಲ್ಲಿ ಶೇಕಡ 30ರಷ್ಟು ಶಕ್ತಿ ಕೊಬ್ಬಿನಿಂದಲೇ ಬರಬಹುದಿತ್ತು. ತರಕಾರಿ, ಮೀನು, ಆಲಿವ್ ಎಣ್ಣೆಗೆ ಒತ್ತುಕೊಡುವ ಮೆಡಿಟರೇನಿಯನ್ ಆಹಾರಕ್ರಮದ ಮೂರನೆಯ ಗುಂಪೂ ಅಲ್ಲಿತ್ತು; ಅದು 4.4 ಕಿಲೋ ಇಳಿದಿತ್ತು. ಲೋ-ಕಾರ್ಬ್ ಗುಂಪಿನವರಿಗೆ ಕೊಬ್ಬು ಮತ್ತು ಪ್ರೋಟೀನನ್ನು ಆದಷ್ಟು ಸಸ್ಯಮೂಲದಿಂದ ಪಡೆಯಲು ಹೇಳಲಾಗಿತ್ತು. ಈ ಪ್ರಯೋಗದ ಫಲಿತಾಂಶವನ್ನು ಮಾಂಸ, ಬೆಣ್ಣೆಯ ಗೆಲುವೆಂದು ಮೆರೆಸುವವರು ಇದಾವುದನ್ನೂ ಹೇಳುವುದಿಲ್ಲ.

ಹಾಗೆಂದು ಹಣದ ಮೂಲ ನೋಡಿದ ಕೂಡಲೇ ಅಧ್ಯಯನವನ್ನು ಬದಿಗೆಸೆಯುವುದೂ ಸರಿಯಲ್ಲ. ಕಾರ್ಬೋಹೈಡ್ರೇಟೇ ಬೊಜ್ಜಿನ ಮೂಲವೆಂದು ವಾದಿಸುತ್ತಿದ್ದ ಗ್ಯಾರಿ ಟಾಬ್ಸ್ 2012ರಲ್ಲಿ ವೈದ್ಯ ಪೀಟರ್ ಅಟಿಯಾ ಜೊತೆಗೂಡಿ ಕಟ್ಟಿದ ಸಂಸ್ಥೆಯು, ಅಮೆರಿಕದ ಸರಕಾರಿ ಅನುದಾನದ ಜೊತೆಗೆ, ಸ್ಟ್ಯಾನ್‌ಫರ್ಡ್‌ನ ಒಂದು ಪ್ರಯೋಗಕ್ಕೆ ಹಣ ಒದಗಿಸಿತು. ಯಾವುದನ್ನು ಅಳೆಯಲಾಗುವುದು ಎಂಬುದು ಮುಂಗಡವಾಗಿ ನೋಂದಣಿಯಾಗಿದ್ದ, 609 ಮಂದಿಯ ಆ ಪ್ರಯೋಗದ ಫಲಿತಾಂಶ 2018ರಲ್ಲಿ ಹೊರಬಿತ್ತು: ಹನ್ನೆರಡು ತಿಂಗಳಲ್ಲಿ ಲೋ-ಕಾರ್ಬ್ ಗುಂಪು 6.0 ಕಿಲೋ, ಕಡಿಮೆ ಕೊಬ್ಬಿನ ಗುಂಪು 5.3 ಕಿಲೋ ಇಳಿದಿದ್ದವು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ಗಣನೆಗೆ ಬರುವ ಅಂತರವಲ್ಲ ಎಂದು ಸಂಶೋಧಕರು ಹಾಗೆಯೇ ಬರೆದರು.